ನೋಡಾಕ ಬಂದವರು

ಬದಾಮಿಯಲ್ಲಿ ಹುಟ್ಟಿ ಬೆಳೆದವರಿಗೆ ಬದಾಮಿ ನೋಡುವ ಚಟ ಇಲ್ಲ. ಕೆಂಪು ಗುಡ್ಡದಲ್ಲಿ ಯಾವ ಕಾಲದವರೋ ಗುಹೆ ಕೊರೆದು ದೇವರುಗಳನ್ನು ನಿಲ್ಲಿಸಿದ್ದಾರೆ, ಅದರ ಕೆಳಗಿನ ಕೆರೆಯಲ್ಲಿ ನಾವು ಅರಿವೆ ಒಗೆಯುತ್ತೇವೆ, ಅಷ್ಟೇ. ಹಿತ್ತಲ ಗಿಡ ಮದ್ದಲ್ಲ ಎನ್ನುವ ಮಾತು ನಮ್ಮೂರನ್ನು ನೋಡಿಯೇ ಹುಟ್ಟಿರಬೇಕು. ಹೆಗಲಿಗೆ ಕ್ಯಾಮೆರಾ ತೂಗಿಕೊಂಡು ಸುಡುಬಿಸಿಲಲ್ಲಿ ಮೆಟ್ಟಿಲು ಹತ್ತುವ ಪರದೇಶದವರನ್ನು ಕಂಡರೆ ನನ್ನ ಅವ್ವ, "ಪಾಪ, ಇವರಿಗೆ ಮನ್ಯಾಗ ಕೆಲಸಿಲ್ಲೇನು" ಎಂದು ಮರುಗುತ್ತಿದ್ದಳು.

ಹೀಗಾಗಿ ನಮ್ಮ ಮನೆಯಲ್ಲಿ 'ನೋಡಾಕ ಬರ್ತಾರ' ಎಂದರೆ ಅದಕ್ಕೆ ಒಂದೇ ಅರ್ಥ. ಏನನ್ನು, ಯಾರನ್ನು ಎಂದು ಯಾರೂ ಕೇಳುತ್ತಿರಲಿಲ್ಲ. ನನ್ನ ಅಕ್ಕನನ್ನು ನೋಡಲು ಬರುತ್ತಾರೆ.

ಎಪ್ಪತ್ತರ ದಶಕದ ಕೊನೆಯ ವರ್ಷಗಳವು. ಅಪ್ಪನದು ಬಜಾರಿನಲ್ಲಿ ಒಂದು ಅರಿವೆ ಅಂಗಡಿ. ಗುಳೇದಗುಡ್ಡದ ಖಣ, ಇಳಕಲ್ಲಿನ ಸೀರೆ, ಮೇಲಿಷ್ಟು ಧೋತರ, ಟವೆಲ್ಲು. ನಾನು ಆಗಷ್ಟೇ ಕಾಲೇಜು ಸೇರಿ, ಎಲ್ಲರ ಮೇಲೂ ಸಿಟ್ಟು ಮಾಡುವುದನ್ನು ಕಲಿತಿದ್ದೆ. ಅಕ್ಕನಿಗೆ ಇಪ್ಪತ್ತನಾಲ್ಕು ತುಂಬಿತ್ತು. ಆ ಕಾಲಕ್ಕೆ ಅದು ಓಣಿಯ ಹೆಂಗಸರು ಬಾಯಿ ಚಪ್ಪರಿಸಿ ಮಾತಾಡುವ ವಯಸ್ಸು. ಅವಳ ಎಡಗಣ್ಣು ತುಸು ಮೂಗಿನ ಕಡೆಗೆ ಸರಿದಿತ್ತು. ಮಾಲಗಣ್ಣು ಎನ್ನುತ್ತಿದ್ದರು. ದೃಷ್ಟಿಗೆ ಏನೂ ಕೊರತೆ ಇರಲಿಲ್ಲ. ಅಕ್ಕಿಯೊಳಗಿನ ಬಿಳಿಕಲ್ಲನ್ನು ದೂರದಿಂದಲೇ ಹೆಕ್ಕುತ್ತಿದ್ದಳು.

ನೋಡಲು ಬಂದವರು ಅವಳನ್ನು ಏನೆಲ್ಲ ಮಾಡಿಸುತ್ತಿದ್ದರು! ಅವಲಕ್ಕಿಯ ತಾಟು ತಂದಿಡಬೇಕು. ಪಡಸಾಲೆಯ ಈ ತುದಿಯಿಂದ ಆ ತುದಿಗೆ ನಡೆಯಬೇಕು, ಕುಂಟು ಇಲ್ಲವೆಂದು ಗೊತ್ತಾಗಲಿಕ್ಕೆ. ಸೂಜಿಗೆ ದಾರ ಪೋಣಿಸಬೇಕು. ಅಕ್ಕ ಮೊದಲ ಸಲಕ್ಕೇ ಪೋಣಿಸಿ ಕೊಡುತ್ತಿದ್ದಳು. ಆಮೇಲೆ ಒಬ್ಬ ಹೆಂಗಸು, ಯಾವಾಗಲೂ ಹೆಂಗಸೇ, "ಸ್ವಲ್ಪ ತಲಿ ಎತ್ತವಾ, ಮಾರಿ ನೋಡೂಣು" ಎನ್ನುತ್ತಿದ್ದಳು. ಅಕ್ಕ ತಲೆ ಎತ್ತುತ್ತಿದ್ದಳು. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಅವಲಕ್ಕಿಯನ್ನು ಮಾತ್ರ ತಾಟು ಬಳಿದು ತಿಂದು, ಏಳುವಾಗ "ತಿಳಿಸ್ತೇವಿ" ಎಂದು ಹೋಗುತ್ತಿದ್ದರು.

ನಮ್ಮ ಕಡೆ 'ಆಗುವುದಿಲ್ಲ' ಎಂದು ಯಾರೂ ಮುಖಕ್ಕೆ ಹೊಡೆದಂತೆ ಹೇಳುವುದಿಲ್ಲ. ತಿಳಿಸ್ತೇವಿ ಎನ್ನುತ್ತಾರೆ. ಹಾಗೆಂದರೆ ಮುಗಿಯಿತು ಎಂದು ಹೇಳಿದವರಿಗೂ ಗೊತ್ತು, ಕೇಳಿದವರಿಗೂ ಗೊತ್ತು. ಬಾಗಲಕೋಟೆಯವರು ಹಾಗೆಂದು ಹೋದರು, ಶಿರೂರಿನವರು ಹಾಗೆಂದು ಹೋದರು, ತುಳಸಿಗೇರಿಯವರಂತೂ ಬಸ್ಸು ಹತ್ತಿದ ಮೇಲೆ ಕಿಟಕಿಯಿಂದ ಕೈಬೀಸಿ ಹೇಳಿದರು. ಅವತ್ತು ಅಕ್ಕ ಹಿತ್ತಿಲಲ್ಲಿ ಕುಳಿತು, ತೊಳೆದ ತಾಟುಗಳನ್ನೇ ಮತ್ತೆ ಮತ್ತೆ ತೊಳೆದಳು.

ಹುನಗುಂದದಲ್ಲಿ ಅವ್ವನ ತಮ್ಮನಿದ್ದ. ನಮಗೆ ಸೋದರಮಾವ. ಹೆಂಡತಿ ತೀರಿಕೊಂಡಿದ್ದಳು, ಎರಡು ಮಕ್ಕಳಿದ್ದವು, ವಯಸ್ಸು ನಲವತ್ತು ದಾಟಿತ್ತು. ಸೋದರಮಾವನಿಗೆ ಹೆಣ್ಣು ಕೊಡುವುದು ನಮ್ಮಲ್ಲಿ ಹೊಸದೇನಲ್ಲ. ಮಾಮಾ ಕೆಟ್ಟ ಮನುಷ್ಯನೂ ಅಲ್ಲ. ಆದರೆ, "ನಾ ಮಾಡ್ಕೊಳ್ಳದಿದ್ರ ಇಕಿನ್ನ ಯಾರು ಮಾಡ್ಕೋತಾರ" ಎಂದು ಅಕ್ಕನಿಗೆ ಕೇಳಿಸುವಂತೆಯೇ ಹೇಳುತ್ತಿದ್ದ. ಅಕ್ಕನಿಗೆ ಅವನು ಬೇಡವಾಗಿದ್ದ. ಅದನ್ನು ನನಗೊಬ್ಬಳಿಗೇ ಹೇಳಿದ್ದಳು, ಕೆರೆಯ ಮೆಟ್ಟಿಲ ಮೇಲೆ ಅರಿವೆ ಹಿಂಡುತ್ತ.

"ಅಂವ ನನ್ನ ಮದವಿ ಮಾಡ್ಕೊಳ್ಳೂದಿಲ್ಲ, ನನ್ನ ಮ್ಯಾಲ ಉಪಕಾರ ಮಾಡ್ತಾನ. ಸಾಯೂತನ ಅದನ್ನ ಕೇಳ್ಕೋತ ಉಣಬೇಕು ನಾ."

ಅಪ್ಪನ ಮುಂದೆ ಇದನ್ನು ಹೇಳುವ ಧೈರ್ಯ ನಮ್ಮಿಬ್ಬರಿಗೂ ಇರಲಿಲ್ಲ. ಅಪ್ಪ ಸೋತು ಹೋಗಿದ್ದ. ತುಳಸಿಗೇರಿಯವರು ಬಂದುಹೋದ ವಾರ ಊಟಕ್ಕೆ ಕುಳಿತವನು ತುತ್ತು ಎತ್ತದೆ ಹೇಳಿದ್ದ: "ಇನ್ನೊಂದು ಸಲ ನೋಡೂಣು. ಅವರೂ ತಿಳಿಸ್ತೇವಿ ಅಂದ್ರ ಮುಗೀತು. ಹುನಗುಂದದಾಂವಗ ಮಾತು ಕೊಟ್ಟು ಮದವಿ ಅಕ್ಕಿಕಾಳು ಹಾಕಿಬಿಡೂದು."

ಆ ಇನ್ನೊಂದು ಸಲ ಬಸ್ಸಿನ ಮೇಲೆ ಬಂತು. ಅಪ್ಪ ಸೀರೆ ತರುತ್ತಿದ್ದದ್ದು ಇಳಕಲ್ಲಿನ ಒಬ್ಬ ಸಾಹುಕಾರರ ಹತ್ತಿರ. ಹಿಂದೊಮ್ಮೆ ಅವರ ಅಂಗಡಿಯ ಗಾದಿಯಲ್ಲಿ ಕುಳಿತು, ನಿಮ್ಮ ಕಡೆ ಒಂದು ಹುಡುಗನ್ನ ನೋಡ್ರಿ ಎಂದು ಬಾಯಿಬಿಟ್ಟು ಕೇಳಿದ್ದ. ಅವರು ನೋಡೂಣು ಎಂದಿದ್ದರು. ಈಗ ಹುನಗುಂದದ ಬಸ್ಸಿನ ಕಂಡಕ್ಟರು ಅಂಗಡಿಯ ಮುಂದೆ ನಿಂತು ಕೂಗಿ ಹೇಳಿದ: "ರವಿವಾರ ಇಳಕಲ್ ಸಾವಕಾರ್ರು ನೋಡಾಕ ಬರ್ತಾರಂತ್ರಿ. ಮನಿಯವರು, ಜೋಡಿ ಒಬ್ಬ ಹುಡುಗ. ಊಟಾ ನಿಮ್ಮಲ್ಲೇ ಅಂದಾರ."

ಬಜಾರಿಗೆಲ್ಲ ಕೇಳಿಸಿತು. ಯಾರಿಗೂ ಅದರಲ್ಲಿ ಎರಡನೇ ಅರ್ಥ ಹೊಳೆಯಲಿಲ್ಲ. ಸಂಜೆಯೊಳಗೆ ಓಣಿಯ ಹೆಂಗಸರು ಒಬ್ಬೊಬ್ಬರಾಗಿ ಬಂದು, ಈ ಸಲ ಆಗತೈತಿ ಬಿಡವಾ ಎಂದು ಅವ್ವನಿಗೆ ಹೇಳಿ ಹೋದರು.

ಅಪ್ಪ ಅಂಗಡಿಯಿಂದ ಒಂದು ಇಳಕಲ್ ಸೀರೆ ತಂದ. ದಾಳಿಂಬೆ ಬಣ್ಣದ ಮೈ, ಕೆಂಪು ಸೆರಗಿಗೆ ಬಿಳಿ ಗೋಪುರದ ಸಾಲು. ಅಕ್ಕ ಅದನ್ನು ಮುಟ್ಟಿ ನೋಡಲೂ ಇಲ್ಲ. ಅವ್ವ ನನ್ನನ್ನು ಅಡುಗೆಮನೆಗೆ ಎಳೆದು ಬಾಗಿಲು ಮುಂದೆ ಮಾಡಿದಳು.

"ಆಕಿ ತಲಿ ಎತ್ತಬಾರದು ನೋಡು. ನೆಲಾ ನೋಡ್ಕೋತ ಇದ್ರ ಲಜ್ಜಿ ಅಂತಾರ, ಗುಣ ಅಂತಾರ. ಸಾವಿರ ಸುಳ್ಳು ಹೇಳಿ ಒಂದು ಮದುವಿ ಮಾಡು ಅಂದಾರ, ನಾವು ಒಂದೂ ಹೇಳೂದು ಬ್ಯಾಡ. ತಲಿ ಎತ್ತದಿದ್ರ ಸಾಕು."

"ಮಾರಿ ತೋರಸು ಅಂದ್ರ?"

"ಅನ್ನೂ ಮೊದಲ ಬ್ಯಾರೆ ಮಾತು ತಗೀತೇನಿ ನಾ. ನೀ ಆಕಿ ಬಾಜೂಕ ಇರು. ಆಕಿ ತಲಿ ಎತ್ತಿದ್ರ ಸೆರಗು ಜಗ್ಗು."

ರವಿವಾರ ಬೆಳಿಗ್ಗೆ ಮಾಮಾ ಹುನಗುಂದದಿಂದ ಮೊದಲ ಬಸ್ಸಿಗೇ ಬಂದು ಕಟ್ಟೆಯ ಮೇಲೆ ಕುಳಿತಿದ್ದ. ಯಾರೂ ಕರೆದಿರಲಿಲ್ಲ. ಹೊಸ ಟೋಪಿ ಹಾಕಿದ್ದ. ಆ ಟೋಪಿ ಯಾತಕ್ಕೆ ಎಂದು ಕೇಳಬೇಕೆನಿಸಿತು, ಕೇಳಲಿಲ್ಲ.

ಇಳಕಲ್ಲಿನವರು ಬಂದರು. ಸಾಹುಕಾರರು ದಪ್ಪ ಕನ್ನಡಕದ, ಮೆಲುಮಾತಿನ ಮನುಷ್ಯ. ಅವರ ಹೆಂಡತಿ ಹಣೆಗೆ ವಿಭೂತಿ ಇಟ್ಟಿದ್ದ, ಒಂದು ಕಡೆ ನಿಲ್ಲಲಾಗದ ಹೆಂಗಸು. ಜೊತೆಗಿದ್ದ ಹುಡುಗ ಆಕೆಯ ತಂಗಿಯ ಮಗ, ಸೊಲ್ಲಾಪುರದವನು. ನೋಡಲು ಲಕ್ಷಣವಾಗಿದ್ದ, ಕೊರಳಲ್ಲಿ ಕ್ಯಾಮೆರಾ ಇತ್ತು. ಅವ್ವ ಅದನ್ನು ನೋಡಿ ಹೌಹಾರಿದಳು. ಫೋಟೋ ತೆಗೆದರೆ ಕಣ್ಣು ಕಾಣುತ್ತದಲ್ಲ!

ಅಕ್ಕ ತಲೆ ತಗ್ಗಿಸಿ ತಾಟು ತಂದಿಟ್ಟಳು. ನಾನು ಪಕ್ಕದಲ್ಲೇ ನಿಂತು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಿದ್ದೆ. ನಡೆ ಎನ್ನಲಿಲ್ಲ ಅವರು. ಸೂಜಿ ದಾರ ಕೇಳಲಿಲ್ಲ. ತಲೆ ಎತ್ತು ಎನ್ನಲಿಲ್ಲ. ಅಪ್ಪ ಧೋತರದ ತುದಿಯಿಂದ ಕತ್ತು ಒರೆಸಿಕೊಳ್ಳುತ್ತಿದ್ದ. ಸಾಹುಕಾರರ ಹೆಂಡತಿ ಚಹಾ ಗಟಗಟ ಕುಡಿದು ಎದ್ದೇಬಿಟ್ಟರು.

"ಬಿಸಲು ಏರೂದ್ರಾಗ ಗುಡ್ಡ ಹತ್ತಿಬಿಡೂಣ್ರಿ. ನಮಗ ದಾರಿ ತಿಳಿಯೂದಿಲ್ಲ, ನಿಮ್ಮ ಮಗಳನ್ನ ಜೋಡಿ ಕಳಸ್ರಿ."

ಅಪ್ಪ ಅವ್ವನ ಮುಖ ನೋಡಿದ, ಅವ್ವ ಅಪ್ಪನ ಮುಖ ನೋಡಿದಳು. ಕಟ್ಟೆಯ ಮೇಲಿಂದ ಮಾಮಾ ಕೆಮ್ಮಿ, ಮೆಲ್ಲಗೆ ಅಪ್ಪನಿಗೆ ಹೇಳಿದ: "ಈಗಿನ ಮಂದಿ ಹಿಂಗ. ಹುಡುಗ ಹುಡುಗಿ ಜೋಡಿ ಅಡ್ಡಾಡಿ ನೋಡ್ತಾರ. ಕಳಸು, ನೋಡೂಣು ಎಷ್ಟೊತ್ತು ತಲಿ ತಗ್ಗಸ್ತಾಳ."

ಹೊರಟೆವು. ಬಾಗಿಲಲ್ಲಿ ಅವ್ವ ನನ್ನ ರಟ್ಟೆ ಹಿಡಿದು ಒತ್ತಿದಳು. ಮಾತು ಬೇಕಿರಲಿಲ್ಲ.

ಮೆಟ್ಟಿಲುಗಳ ಮೇಲೆ ಅಕ್ಕ ಮುಂದೆ, ಅವಳ ಹಿಂದೆ ಆ ಹುಡುಗ, ಆಮೇಲೆ ಸಾಹುಕಾರರು, ಕೊನೆಗೆ ಅವರ ಹೆಂಡತಿ ಮತ್ತು ನಾನು. ಮಂಗಗಳು ಗೋಡೆಯ ಮೇಲೆ ಸಾಲಾಗಿ ಕುಳಿತು ನಮ್ಮ ಕೈಗಳನ್ನೇ ನೋಡುತ್ತಿದ್ದವು. ನನ್ನ ಕಣ್ಣು ಅಕ್ಕನ ಕತ್ತಿನ ಮೇಲಿತ್ತು. ಅವಳು ಕಾಲು ನೋಡಿಕೊಂಡೇ ಹತ್ತುತ್ತಿದ್ದಳು.

ಮೊದಲ ಗುಹೆಯಲ್ಲಿ ಹದಿನೆಂಟು ಕೈಯ ಶಿವ ಕುಣಿಯುತ್ತಾನೆ. ಹುಡುಗ ಕ್ಯಾಮೆರಾ ಕಣ್ಣಿಗೆ ಹಚ್ಚಿದ. ಶಿವನ ಪಕ್ಕಕ್ಕೇ ಅಕ್ಕ ನಿಂತಿದ್ದಳು. ಈಗ ಈತ 'ಇತ್ತ ನೋಡ್ರಿ' ಎನ್ನುತ್ತಾನೆ, ಅವಳು ನೋಡುತ್ತಾಳೆ, ಎಲ್ಲ ಮುಗಿಯುತ್ತದೆ.

"ಸ್ವಲ್ಪ ಆಕಡೆ ಸರೀರಿ," ಎಂದ ಅವನು. "ನಡುವ ಬರಾಕತ್ತೀರಿ."

ಅಕ್ಕ ಸರಿದಳು. ಕಲ್ಲಿನ ಫೋಟೋ ಬೇಕು, ಹುಡುಗಿಯದು ಬೇಡ! ಇವನ ಕಣ್ಣಿಗೇನು ಮಣ್ಣು ಬಿದ್ದಿದೆಯೇ ಎಂದು ನನಗೆ ಹಲ್ಲು ಕಡಿಯುವಷ್ಟು ಸಿಟ್ಟು ಬಂತು. ಅಕ್ಕನ ಮುಖ ಕಾಣಿಸಲಿಲ್ಲ. ಅವಳು ಬಾಗಿಲ ಕಾವಲುಗಾರನ ಮೂರ್ತಿಯ ಕಡೆಗೆ ಹೋಗಿ ಬಗ್ಗಿ ನಿಂತಳು.

"ಇಲ್ಲಿ ಬರ್ರಿ," ಎಂದು ಸಾಹುಕಾರರ ಹೆಂಡತಿಯನ್ನು ಕರೆದಳು. ಕಾವಲುಗಾರನ ಕಾಲ ಕೆಳಗೆ ಕೆತ್ತಿದ ಪ್ರಾಣಿಯ ಒಂದು ಮಗ್ಗುಲಿಗೆ ಅಂಗೈ ಮುಚ್ಚಿದಳು. "ಈಗ ಏನು ಕಾಣತೈತ್ರಿ?"

"ಎತ್ತು."

ಕೈಯನ್ನು ಇನ್ನೊಂದು ಮಗ್ಗುಲಿಗೆ ಇಟ್ಟಳು. "ಈಗ?"

"ಅಯ್ಯ, ಆನಿ!"

"ಮೈ ಎರಡು, ತಲಿ ಒಂದ." ಅಕ್ಕನ ದನಿಯಲ್ಲಿ ನಗು ಇತ್ತು. ಇಷ್ಟು ದೊಡ್ಡದಾಗಿ ಅವಳು ಪರರ ಮುಂದೆ ಮಾತಾಡಿದ್ದನ್ನು ನಾನು ಕೇಳಿದ್ದೇ ಇರಲಿಲ್ಲ. ಆದರೂ ತಲೆ ಕೆಳಗೇ ಇತ್ತು, ನಾನು ಉಸಿರು ಬಿಟ್ಟೆ.

ಎರಡನೇ ಗುಹೆಗೆ ಹತ್ತುವಾಗ ಸಾಹುಕಾರರ ಹೆಂಡತಿ ಏದುಸಿರು ಬಿಡುತ್ತ ನನ್ನ ಹೆಗಲು ಹಿಡಿದರು.

"ಎಷ್ಟು ವರ್ಷದಿಂದ ಹೇಳಾಕತ್ತಿದ್ದೆ ನಮ್ಮ ಮನಿಯವರಿಗೆ, ಇಲ್ಲೇ ಬಾಜೂಕ ಬದಾಮಿ ಐತಿ, ನೋಡಾಕ ಹೋಗೂಣು, ನೋಡಾಕ ಹೋಗೂಣು ಅಂತ. ಊರ ಮಂದೆಲ್ಲಾ ನೋಡ್ಯಾರ, ನಾ ನೋಡಿಲ್ಲ. ಇಂವ ಬಂದದ್ದ ಚೊಲೋ ಆತು. ಇವನ ಹೆಂಡತಿನೂ ಬರಾಕಿ ಇದ್ಲು. ಬಾಣಂತನಕ್ಕ ತವರಮನಿಗೆ ಹೋಗ್ಯಾಳ."

ನನ್ನ ಕಾಲು ನಿಂತುಹೋಯಿತು.

"ಯಾಕವಾ, ದಣಿವಾತೇನು?"

"ಇಲ್ರಿ," ಎಂದೆ.

ಇವರು ನೋಡಲು ಬಂದದ್ದು ಬದಾಮಿಯನ್ನು! ಗುಡ್ಡವನ್ನು, ಕಲ್ಲನ್ನು! ಮನೆಯಲ್ಲಿ ಅವ್ವ ಹೋಳಿಗೆ ತಟ್ಟುತ್ತಿದ್ದಳು. ಅಪ್ಪ ದೇವರ ಮುಂದೆ ಕುಳಿತಿರಬೇಕು. ಕಟ್ಟೆಯ ಮೇಲೆ ಮಾಮಾ ಹೊಸ ಟೋಪಿ ಹಾಕಿಕೊಂಡು ಕುಳಿತಿದ್ದ. ಇವರು ತಿರುಗಿ ಹೋದ ಗಳಿಗೆಗೆ ಅಪ್ಪ ಅವನಿಗೆ ಮಾತು ಕೊಡುತ್ತಾನೆ. ನಾಲ್ಕು ಮೆಟ್ಟಿಲು ಮೇಲೆ ಹೋಗುತ್ತಿದ್ದ ಅಕ್ಕನಿಗೆ ಇದು ಕೇಳಿಸಿತೋ ಇಲ್ಲವೋ ತಿಳಿಯಲಿಲ್ಲ. ಓಡಿ ಹೋಗಿ ಹೇಳಲೇ? ಹೇಳಿದರೆ ಇಲ್ಲೇ ಮೆಟ್ಟಿಲ ಮೇಲೆ ಕುಸಿದು ಕುಳಿತರೆ? ಹೇಳದೆ ಇದ್ದರೆ, ಇನ್ನೂ ಎಷ್ಟು ಹೊತ್ತು ಅವಳು ತಲೆ ತಗ್ಗಿಸಿಕೊಂಡು, ಯಾರೂ ನೋಡದ ಲಜ್ಜೆಯನ್ನು ತೋರಿಸುತ್ತ ನಡೆಯಬೇಕು? ಎರಡನೇ ಗುಹೆಯಲ್ಲಿ ನಾನು ಏನು ನೋಡಿದೆನೋ ಒಂದೂ ನೆನಪಿಲ್ಲ.

ಮೂರನೆಯದು ದೊಡ್ಡ ಗುಹೆ. ಸಣ್ಣವರಿದ್ದಾಗ ಬೇಸಿಗೆಯ ಮಧ್ಯಾಹ್ನ ಅಕ್ಕ ನನ್ನನ್ನು ಅಲ್ಲಿಗೆ ಕರೆದೊಯ್ಯುತ್ತಿದ್ದಳು. ತಣ್ಣನೆಯ ಕಲ್ಲಿನ ಮೇಲೆ ಅಂಗಾತ ಮಲಗಿ, ಮೇಲೆ ಮಾಳಿಗೆಗೆ ಕೆತ್ತಿದ ದೇವರುಗಳನ್ನು ನೋಡುತ್ತ ಮಾತಾಡುತ್ತಿದ್ದೆವು. ದೊಡ್ಡವಳಾದ ಮೇಲೆ ಅವ್ವ ಅವಳನ್ನು ಗುಡ್ಡಕ್ಕೆ ಬಿಡಲಿಲ್ಲ.

ಸಾಹುಕಾರರು ಹಾವಿನ ಮೇಲೆ ಕುಳಿತ ವಿಷ್ಣುವಿಗೆ ಕೈಮುಗಿದರು. ಹುಡುಗ ಕಂಬ ಕಂಬಕ್ಕೂ ಕ್ಯಾಮೆರಾ ಹಿಡಿದ. ಮುಗಿಯಿತಲ್ಲ, ಇಳಿಯೂಣು ಎಂದು ಸಾಹುಕಾರರ ಹೆಂಡತಿ ತಿರುಗಿದರು.

"ಮ್ಯಾಲ ನೋಡಲೇ ಇಲ್ಲಲ್ರಿ," ಎಂದಳು ಅಕ್ಕ. "ಎಲ್ಲಾರೂ ಎದರಿಗಿನ ದೇವರನ್ನ ನೋಡಿ ಹೊಳ್ಳಿ ಹೋಗ್ತಾರ. ತಲಿ ಎತ್ತ್ರಿ."

ಹಾಗೆಂದು ತಾನು ತಲೆ ಎತ್ತಿದಳು.

ನನ್ನ ಕೈ ತಾನೇ ಸೆರಗು ಜಗ್ಗಿತು. ನೋಡಲು ಬಂದವರಲ್ಲ ಎಂದು ಗೊತ್ತಿದ್ದರೂ ಜಗ್ಗಿತು. ಅಕ್ಕ ತಿರುಗಿ ನೋಡದೆ ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಹೊರಗಿನ ಬೆಳಕು ನೇರವಾಗಿ ಅವಳ ಮುಖದ ಮೇಲೆ ಬಿದ್ದಿತ್ತು. ಕಣ್ಣು ಎರಡೂ ತೆರೆದಿದ್ದವು, ಎಡಗಣ್ಣು ತನ್ನ ಪಾಡಿಗೆ ಮೂಗಿನ ಕಡೆ ಸರಿದಿತ್ತು. ಸಾಹುಕಾರರ ಹೆಂಡತಿ ಅವಳ ಮುಖ ನೋಡಿದರು. ನಾನು ಕಾದೆ. ಆ ಒಂದು ನೋಟವನ್ನು ನಾನು ಎಷ್ಟು ಹೆಂಗಸರ ಮುಖದ ಮೇಲೆ ನೋಡಿದ್ದೆ!

"ಎಲ್ಲಿ? ನನಗ ಕಾಣವಲ್ದು," ಎಂದರು ಆಕೆ.

"ಅಲ್ಲಿ. ಹಂಸದ ಮ್ಯಾಲ ಕುಂತಾನಲ್ರಿ. ಇತ್ತಾಗ ಜೋಡಿ ಹಾರಾಕತ್ತೈತಿ ನೋಡ್ರಿ, ಗಂಡ ಹೆಂಡತಿ."

"ಹೌದಲ್ಲ! ಏ, ಬಾರೋ ಇಲ್ಲಿ, ಮ್ಯಾಲ ನೋಡು!"

ಮೂವರೂ ಕತ್ತು ಎತ್ತಿ ನಿಂತರು. ಅಕ್ಕ ಬೆರಳು ತೋರಿಸುತ್ತ ಗುಹೆಯ ತುಂಬ ನಡೆದಳು. ಆಮೇಲೆ ಒಮ್ಮೆಯೂ ಅವಳು ತಲೆ ತಗ್ಗಿಸಲಿಲ್ಲ. ನನಗೆ ಅಳು ಬಂದಿತು, ಕಂಬದ ಹಿಂದೆ ಹೋಗಿ ಮೂಗು ಒರೆಸಿಕೊಂಡೆ.

ಇಳಿಯುವಾಗ ಸಾಹುಕಾರರ ಹೆಂಡತಿ ಅಕ್ಕನ ಸೆರಗು ಮುಟ್ಟಿ, "ಇದು ನಮ್ಮ ಮಗ್ಗದ್ದ ಅಲ್ಲೇನವಾ? ಹೊಸಾದು ಉಟ್ಟೀಯಲ್ಲ, ಮನ್ಯಾಗ ಇವತ್ತು ಏನರ ಕಾರ್ಯಕ್ರಮ ಐತೇನು?" ಎಂದು ಕೇಳಿದರು.

ಅಕ್ಕ, "ನೀವು ಬಂದೀರಲ್ರಿ, ಅದ ಕಾರ್ಯಕ್ರಮ," ಎಂದಳು. ಆಕೆ ಹಿಗ್ಗಿ ಮುಂದೆ ಹೋದರು.

ನಾನು ಅಕ್ಕನನ್ನು ತಡೆದು ನಿಲ್ಲಿಸಿದೆ. "ಅಕ್ಕಾ, ಅವಂಗ ಮದವಿ ಆಗೇತಿ. ಅವರು ಬಂದಿದ್ದು..."

"ಗೊತ್ತು."

"ಯಾವಾಗ ಗೊತ್ತಾತು?"

"ತಾಟು ಇಡೂ ಮುಂದ. ನೋಡಾಕ ಬಂದವರ ಕಣ್ಣು ನನಗ ಗೊತ್ತಿಲ್ಲೇನ? ಮೊದಲು ಕಾಲು, ಆಮ್ಯಾಲ ಕೈ, ಆಮ್ಯಾಲ ಮಾರಿ. ಇವರ ಕಣ್ಣು ಕಿಡಕ್ಯಾಗಿಂದ ಗುಡ್ಡದ ಮ್ಯಾಲ ಇತ್ತು."

"ಮತ್ತ ಮನ್ಯಾಗ ಯಾಕ ಹೇಳಲಿಲ್ಲ?"

"ಹೇಳಿದ್ರ ಗುಡ್ಡಕ್ಕ ಯಾರು ಕಳಸ್ತಿದ್ರು ನನ್ನ?"

ಮನೆಯಲ್ಲಿ ಊಟವಾಯಿತು. ಹೋಳಿಗೆ, ಎಣಗಾಯಿ, ರೊಟ್ಟಿ. ಅಕ್ಕ ಬಡಿಸಿದಳು, ಮತ್ತೆ ತಲೆ ತಗ್ಗಿತ್ತು. ಎಲೆ ಅಡಿಕೆಯ ತಟ್ಟೆ ಮುಂದಿಟ್ಟು ಅಪ್ಪ ಬಾಯಿ ತೆರೆದಾಗ ನಾನು ಬಾಗಿಲ ಚೌಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡೆ. ನಡುವೆ ಬಾಯಿ ಹಾಕಿದರೆ ಬೀಗರಲ್ಲದ ಬೀಗರ ಮುಂದೆ ಅಪ್ಪನ ಮಾನ ಹೋಗುತ್ತಿತ್ತು.

"ಹೆಂಗ ಅನಿಸ್ತ್ರಿ?"

"ಭಾಳ ಚಂದ," ಎಂದರು ಸಾಹುಕಾರರು. "ಇಷ್ಟು ವರ್ಷ ನೋಡದ ಇದ್ದದ್ದ ತಪ್ಪಾತು."

ಅಪ್ಪನ ಮುಖ ಬೆಳಗಿತು. ಅಡುಗೆಮನೆಯಲ್ಲಿ ಅವ್ವ ಕೈಮುಗಿದದ್ದು ನನಗೆ ಕಂಡಿತು. "ಹಂಗಾದ್ರ ಮುಂದಿಂದು?"

"ಮುಂದ ಪಟ್ಟದಕಲ್ಲು, ಐಹೊಳಿ. ಹೊರಗ ಬಿದ್ದ ಮ್ಯಾಲ ನಾಕು ಕಡೆ ನೋಡಿಕೊಂಡ ಹೋಗಬೇಕಲ್ರಿ."

ಅಪ್ಪನ ಮುಖ ಆರಿತು. ನಾಲ್ಕು ಕಡೆ ನೋಡುವವರು ಎಂದರೆ ಏನೆಂದು ಅವನಿಗೆ ಗೊತ್ತಿತ್ತು. "ನೋಡ್ರಿ, ನೋಡ್ರಿ," ಎಂದ ಸಣ್ಣ ದನಿಯಲ್ಲಿ. ಸಾಹುಕಾರರ ಹೆಂಡತಿ ಅಕ್ಕನ ಗದ್ದ ಹಿಡಿದು, ಇಳಕಲ್ಲಿಗೆ ಬಾರವಾ, ಮಗ್ಗ ತೋರಸ್ತೇನಿ ಎಂದು ಹೇಳಿ ಹೋದರು.

ಅವರು ಓಣಿ ದಾಟುವುದನ್ನೇ ಕಾಯುತ್ತಿದ್ದ ಮಾಮಾ ಒಳಗೆ ಬಂದು ಚಾಪೆಯ ಮೇಲೆ ಕುಳಿತ. "ಇನ್ನ ಮಾತು ಬ್ಯಾಡ. ಮುಗಿಸೂಣು."

ನಾನು ತಡೆಯಲಾರದೆ ಕೂಗಿದೆ. "ಅಪ್ಪಾ, ಅವರು ಅಕ್ಕನ್ನ ನೋಡಾಕ ಬಂದಿದ್ದಿಲ್ಲ! ಗುಡ್ಡ ನೋಡಾಕ ಬಂದಿದ್ರು. ಆ ಹುಡುಗಗ ಹೆಂಡತಿ ಅದಾಳ!"

ಅವ್ವ ಅಡುಗೆಮನೆಯ ಬಾಗಿಲಲ್ಲೇ ಕುಳಿತುಬಿಟ್ಟಳು. ಮಾಮಾ ಮೊದಲು ನಕ್ಕ. "ಯಾತಕ್ಕರ ಬರಲಿ. ಆಗಲಿಲ್ಲ ಹೌದಲ್ಲ? ನಾ ಇಲ್ಲದ ಇಕಿಗೆ ಗತಿ ಯಾರು?"

ಅಪ್ಪ ಅಡಕೊತ್ತು ಕೈಗೆತ್ತಿಕೊಂಡು ಅಡಿಕೆ ಕತ್ತರಿಸತೊಡಗಿದ. ಬಾಯಿ ತೆರೆದರೆ ಹೂಂ ಎಂದೇ ಅನ್ನುತ್ತಿದ್ದ, ಅವನು ಕುಳಿತ ಭಂಗಿಯಲ್ಲೇ ಅದು ಕಾಣುತ್ತಿತ್ತು.

ಅಷ್ಟರಲ್ಲಿ ಅಕ್ಕ ಚಹಾ ತಂದಳು. ಮಾಮಾನ ಮುಂದೆ ಕಪ್ಪು-ಬಸಿ ಇಟ್ಟು ಹಿಂದೆ ಸರಿಯಲಿಲ್ಲ, ಅಲ್ಲೇ ನಿಂತಳು. ಅವನ ಕಾಲು ನೋಡಿದಳು. ಆಮೇಲೆ ಕೈ. ಆಮೇಲೆ ನಿಧಾನವಾಗಿ ತಲೆ ಎತ್ತಿ, ಎರಡೂ ಕಣ್ಣುಗಳಿಂದ, ಹೊಸ ಟೋಪಿಯ ಕೆಳಗಿನ ಅವನ ಮುಖವನ್ನು ನೆಟ್ಟಗೆ ನೋಡಿದಳು. ಅವನು ಚಹಾ ಎತ್ತಿದವನು ಬಾಯಿಗೆ ಒಯ್ಯಲಾರದೆ ಹಿಡಿದುಕೊಂಡ.

"ತಿಳಿಸ್ತೇವಿ, ಮಾಮಾ," ಎಂದಳು.

ಅಡಕೊತ್ತು ನಿಂತಿತು. ಅಪ್ಪ ಮಗಳ ಮುಖ ನೋಡಿದ. ಆ ಮನೆಯಲ್ಲಿ ಅವನೂ ಅವಳ ಹಣೆಯವರೆಗೆ ನೋಡಿ ದೃಷ್ಟಿ ತಪ್ಪಿಸುವುದನ್ನು ರೂಢಿ ಮಾಡಿಕೊಂಡಿದ್ದ. ಅವತ್ತು ಕಣ್ಣಿನಿಂದ ಕಣ್ಣು ತೆಗೆಯಲಿಲ್ಲ. ಆಮೇಲೆ ಮಾಮಾನ ಕಡೆ ತಿರುಗಿದ.

"ಆಕಿ ಹೇಳಿದ್ಲಲ್ಲೋ. ಚಹಾ ಕುಡಿ, ಹುನಗುಂದದ ಬಸ್ಸಿಗೆ ಹೊತ್ತಾತು."